ಕಲ್ಲೋಳಿ ಬಸ್ಸು ಮತ್ತು ಕೊನೆಯ ರೀಲು

ಹೋದ ವಾರದ ಭಾನುವಾರ, ಮಧ್ಯಾಹ್ನ ಸುಮಾರು ನಾಲ್ಕು ಗಂಟೆಗೆ, ಗೋಕಾಕದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಸಾವು ಸಂಭವಿಸಿತು.

ಗಾಬರಿ ಬೇಡ. ತೀರಿಕೊಂಡವನು ಒಬ್ಬ ಸಿನಿಮಾ ಹೀರೋ. ನನ್ನ ಪ್ರಕಾರ ಅವನು ಸತ್ತು ಇಪ್ಪತ್ತು ವರ್ಷದ ಮೇಲಾಗಿದೆ. ಆದರೆ ನನ್ನ ಹೆಂಡತಿ ಸುವರ್ಣಾಳ ಪ್ರಕಾರ ಅವನು ಅಂದು ನಾಲ್ಕರವರೆಗೆ ಆರೋಗ್ಯವಾಗಿದ್ದ. ಹೀರೋಯಿನ್‌ಳನ್ನು ಮದುವೆಯಾಗಿ, ಇಬ್ಬರು ಮಕ್ಕಳ ತಂದೆಯಾಗಿ, ಎಲ್ಲೋ ಸುಖವಾಗಿದ್ದ.

ಘಟನೆಯ ವಿವರ ಹೀಗಿದೆ. ದಿನವೂ ಬಸ್ಸಿನಲ್ಲಿ ಅರಭಾವಿಯ ಕಾಲೇಜಿಗೆ ಓಡಾಡುವ ನಮ್ಮ ಮಗಳು ಪಲ್ಲವಿ, ಅಂದು ತನ್ನ ಫೋನನ್ನು ಟಿವಿಗೆ ಜೋಡಿಸಿ ಕೇಳಿದಳು: “ಅಪ್ಪಾ, ನಿಮ್ಮ ಕಾಲದ್ದೊಂದು ಹಳೇ ಸಿನಿಮಾ ಹಚ್ಚಲೇನು?”

ಹಳೇ ಸಿನಿಮಾ! ನಮಗೆ ಹಳೆಯದು ಎಂದರೆ ಕಪ್ಪು-ಬಿಳುಪು. ಪೇಟ ಸುತ್ತಿದ ರಾಜ, ಕೈಯಲ್ಲಿ ಗದೆ. ಈಗ ನೋಡಿದರೆ ಹೀರೋನ ಕೈಯಲ್ಲಿ ಏರಿಯಲ್ ಎಳೆಯುವ ಮೊಬೈಲ್ ಇದ್ದ ಚಿತ್ರಗಳೇ ಪುರಾತನ ವಸ್ತುಗಳಾಗಿವೆ. ಅವುಗಳನ್ನು ಮುಂದಿನ ಬೆಂಚಿನಲ್ಲಿ ಕೂತು ನೋಡಿದ ನಾವು ಯಾವ ಶಿಲಾಯುಗದವರು, ನೀವೇ ಹೇಳಿ.

ಸಿನಿಮಾ ಶುರುವಾಯಿತು. ಮೂವತ್ತೈದು ದಾಟಿದ ಹೀರೋ ಕಾಲೇಜಿಗೆ ಸೇರಿದ. ಅವನ ಜೀನ್ಸ್ ಪ್ಯಾಂಟಿನ ತೊಡೆಯ ಮೇಲೆ ಯಾರೋ ಸುಣ್ಣ ಚೆಲ್ಲಿದಂತಿತ್ತು. (ನನ್ನದೂ ಹಾಗೆಯೇ ಇತ್ತು. ನನ್ನದು ನಿಜವಾಗಿ ಸುಣ್ಣ.) ಹೀರೋಯಿನ್ ನೋಟ್‌ಬುಕ್ ಬೀಳಿಸಿದಳು. ಮರುಕ್ಷಣ ಇಬ್ಬರೂ ಹಿಮದ ಬೆಟ್ಟದ ಮೇಲಿದ್ದರು. ಅವನಿಗೆ ಕೋಟು, ಮಫ್ಲರ್, ಬೂಟು. ಅವಳಿಗೆ ಒಂದು ತೆಳ್ಳನೆಯ ಸೀರೆ. ಆ ದಶಕದ ನಾಯಕಿಯರಿಗೆ ಥಂಡಿ ಆಗುತ್ತಿರಲಿಲ್ಲ.

“ಅಪ್ಪಾ, ಇವರ ಪಾಸ್‌ಪೋರ್ಟ್ ಯಾವಾಗ ಮಾಡಿಸಿದ್ರು?” ಎಂದಳು ಪಲ್ಲವಿ.

“ಸುಮ್ಮ ಕೂಡು. ನೋಡೂದ ಕಲಿ,” ಎಂದಳು ಸುವರ್ಣಾ. ಅವಳ ಮುಖದಲ್ಲಿ ಇಪ್ಪತ್ತೆರಡರ ಹರೆಯ ಬಂದು ಕೂತಿತ್ತು. ಪ್ರತಿ ಹಾಡಿಗೆ ಒಂದು ಸಾಲು ಮೊದಲೇ ತುಟಿಗಳು ಅಲ್ಲಾಡುತ್ತಿದ್ದವು. ಮೂರು ಸಲ ನೋಡಿದ ಸಿನಿಮಾ ಅದು. ಮೂರೂ ಸಲ ಮೂಡಲಗಿಯ ಟಾಕೀಸಿನಲ್ಲಿ, ಮ್ಯಾಟಿನಿ.

ಕೊನೆಗೆ ವಿಲನ್ ಹೊಡೆಸಿದ. ಹೀರೋನನ್ನು ಆಸ್ಪತ್ರೆಗೆ ಒಯ್ದರು. ಹೀರೋಯಿನ್ ಓಡಿಬಂದಳು. ಅವನು ಕಣ್ಣು ತೆರೆದು ಅವಳನ್ನು ನೋಡಿ ನಕ್ಕ.

ಸುವರ್ಣಾ ಸೀರೆ ಸರಿಪಡಿಸಿಕೊಂಡು ಎದ್ದಳು. “ಮುಗೀತು. ಚಾ ಮಾಡತೇನಿ.”

“ಎಲ್ಲಿ ಮುಗೀತು? ಅಂವ ಇನ್ನ ಸಾಯಬೇಕಲ್ಲ,” ಎಂದೆ.

ಅವಳು ನಕ್ಕಳು. ನಗುತ್ತಲೇ ಟಿವಿಯ ಕಡೆ ತಿರುಗಿದಳು. ಅಷ್ಟರಲ್ಲಿ ಹೀರೋನ ಕೈ ಮಂಚದಿಂದ ಕೆಳಗೆ ಜಾರಿತ್ತು.

“ಇದು ಖರೇ ಸಿನಿಮಾ ಅಲ್ಲ! ಯಾರೋ ಕಡೀಕ ಬ್ಯಾರೇದ್ದು ಹಚ್ಚ್ಯಾರ!”

“ಅಲ್ಲ ಮಾರಾಯ್ತಿ, ಗೋಕಾಕದಾಗ ನಾ ನೋಡಿದಾಗೂ ಅಂವ ಸತ್ತಿದ್ದ.”

“ಮೂಡಲಗ್ಯಾಗ ಸತ್ತಿದ್ದಿಲ್ಲ!”

“ಅಂದ್ರ ತಾಲೂಕಿಗೊಂದು ಕ್ಲೈಮ್ಯಾಕ್ಸ್ ಏನು?” ಎಂದಳು ಮಗಳು. (ಆಗ ಮೂಡಲಗಿ ಇನ್ನೂ ತಾಲೂಕಾಗಿರಲಿಲ್ಲ. ಆದರೆ ಕ್ಲೈಮ್ಯಾಕ್ಸಿನ ವಿಷಯದಲ್ಲಿ ಆಗಲೇ ಸ್ವತಂತ್ರವಾಗಿತ್ತು ಎಂದು ಈಗ ತಿಳಿಯುತ್ತಿದೆ.)

ಸುವರ್ಣಾ ಉಳಿದದ್ದನ್ನು ನೋಡಲಿಲ್ಲ. ಅಡುಗೆಮನೆಗೆ ಹೋದಳು. ಚಹಾ ಬರಲಿಲ್ಲ.

ಇಷ್ಟು ವರ್ಷ ಗೊತ್ತಾಗಲೇ ಇಲ್ಲವೇ ಎಂದು ನೀವು ಕೇಳಬಹುದು. ಟಿವಿಯಲ್ಲಿ ಎಷ್ಟೋ ಸಲ ಬಂದಿತ್ತು, ನಿಜ. ಆದರೆ ನಮ್ಮ ಕಡೆ ಕರೆಂಟಿಗೂ ಕೊನೆಯ ರೀಲಿಗೂ ಮೊದಲಿನಿಂದ ಆಗಿಬರುವುದಿಲ್ಲ. ಮೇಲಾಗಿ, ಇಬ್ಬರಿಗೂ ಗೊತ್ತಿದೆ ಎಂದುಕೊಂಡ ವಿಷಯವನ್ನು ಗಂಡ-ಹೆಂಡತಿ ಎಲ್ಲಾದರೂ ಮಾತಾಡುತ್ತಾರೆಯೇ?

ಕಲ್ಲೋಳಿಯ ನನ್ನ ಭಾವಮೈದುನನಿಗೆ ಫೋನ್ ಹಚ್ಚಿದೆ. ಅಕ್ಕನ ಜೊತೆ ಅವನೂ ಆ ಸಿನಿಮಾಕ್ಕೆ ಹೋಗಿದ್ದ. “ಎಲ್ಲಿ ಸತ್ತಾನ ಮಾವಾ? ನಕ್ಕ, ಶುಭಂ ಬಂತು, ನಾವ್ ಬಸ್ ಹತ್ತಿದಿವಿ,” ಎಂದ ಆತ. ಸಾಕ್ಷಿ ನಂಬರ್ ಎರಡು.

ನಗುವ ವಿಷಯ ಎಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ, ಅವಳು ಕೇಳಿದಳು: “ಹಂಗಾರ ಅವತ್ತು ನೀವು ಯಾಕ ಅತ್ತಿದ್ರಿ?”

ಅವತ್ತು ಎಂದರೆ ಯಾವತ್ತು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ‘ಅವತ್ತು’ ಒಂದೇ.

ಕಲ್ಲೋಳಿಗೆ ಹೆಣ್ಣು ನೋಡಲು ಹೋಗಿದ್ದೆ. ಹಿರಿಯರು ಒಗ್ಗರಣೆ ಚುರುಮುರಿಯ ಸುಸಲಾ ತಿನ್ನುವುದರಲ್ಲಿ ತಲ್ಲೀನರಾಗಿದ್ದಾಗ ನಮಗೆ ಎರಡು ನಿಮಿಷ ಸಿಕ್ಕಿತ್ತು. ಏನು ಕೇಳುವುದೆಂದು ತೋಚದೆ, ಆಗ ಎಲ್ಲರ ಬಾಯಲ್ಲಿದ್ದ ಆ ಸಿನಿಮಾದ ಹೆಸರು ಹೇಳಿ “ನೋಡೀರೇನು?” ಎಂದಿದ್ದೆ.

“ಮೂರು ಸಲ ನೋಡೇನ್ರಿ. ಕಡೀಕಂತೂ ಭಾಳ ಛಲೋ ಆತು.”

“ನನಗ ಕಡೀಕ ಅಳು ಬಂತು,” ಎಂದಿದ್ದೆ. ಸುಳ್ಳಲ್ಲ. ಗೋಕಾಕದ ಇಡೀ ಬಾಲ್ಕನಿ ಅತ್ತಿತ್ತು.

ಆಗ ಅವಳು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ್ದಳು. ಆ ನೋಟಕ್ಕೆ ನಾನು ಅಂದೇ ಒಪ್ಪಿದೆ. ಅವಳೂ ಒಪ್ಪಿದಳು.

ಆ ನೋಟದ ಅರ್ಥ ಸೋಮವಾರ ತಿಳಿಯಿತು. “ಮಂದಿ ದುಃಖಕ್ಕ ಅಳತಾರ. ಇಂವ ಸುಖ ನೋಡಿ ಅಳತಾನ, ಭಾಳ ಮೆತ್ತನ ಮನಸ್ಸಿನಂವ ಅಂತ ಹೂಂ ಅಂದಿದ್ನಿ.”

ನಾನೇನು ತಿಳಿದಿದ್ದೆ, ಹೇಳಲೇ? ಹೀರೋ ಸತ್ತದ್ದನ್ನು ಮೂರು ಸಲ ನೋಡಿ ‘ಛಲೋ ಆತು’ ಎನ್ನುವ ಹೆಣ್ಣು! ಎಂಥ ಎದೆಗಾರಿಕೆ! ಇಂಥವಳು ಮನೆಗೆ ಬಂದರೆ ಇನ್ನು ಯಾವುದಕ್ಕೂ ಚಿಂತೆಯಿಲ್ಲ ಎಂದು ನಿರ್ಧರಿಸಿದ್ದೆ. ಇಷ್ಟನ್ನೂ ಅವಳಿಗೆ ಹೇಳಿದೆ. ತಮಾಷೆಯಾಗಿಯೇ ಹೇಳಿದೆ.

ರೊಟ್ಟಿಯ ಸಪ್ಪಳ ನಿಂತಿತು.

“ದವಾಖಾನ್ಯಾಗ ಪ್ರತಿ ಸಲಾ ನನ್ನ ಮುಂದ ಮಾಡತಿದ್ದದ್ದು ಇದಕ್ಕೇನು?”

ಅವಳ ಅಪ್ಪನ ಕೊನೆಯ ದಿನ ಡಾಕ್ಟರು ಒಳಗೆ ಕರೆದಾಗ, “ನೀ ಹೋಗಿ ಬಾ, ನೀ ಗಟ್ಟಿ ಇದ್ದಿ,” ಎಂದು ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ನನ್ನ ಅವ್ವನ ಸಲವೂ ಅಷ್ಟೇ. ಒಳಗಿನಿಂದ ಅವಳು ಬಂದು ಹೇಳಿದಳು. ಹೊರಗೆ ಕೂತು ನಾನು ಅತ್ತೆ. ಅವಳೇ ನನ್ನ ಬೆನ್ನು ಸವರಿದಳು. ಅವಳ ಬೆನ್ನು ಯಾರು ಸವರಿದರು? ನೆನಪಿಲ್ಲ. ನೆನಪಿರುವುದಕ್ಕೆ ಯಾರಾದರೂ ಸವರಿರಬೇಕಲ್ಲ.

“ನಾ ಗಟ್ಟಿ ಇದ್ದಿದ್ದಿಲ್ಲ. ನಾ ಕಡೀ ರೀಲ್ ನೋಡಿದ್ದಿಲ್ಲ, ಅಷ್ಟ,” ಎಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಗುರುವಾರ ಇಬ್ಬರೂ ಹುಕ್ಕೇರಿಗೆ ಹೋದೆವು. ಮೂಡಲಗಿಯ ಟಾಕೀಸು ಮುಚ್ಚಿದ ಮೇಲೆ ಅಲ್ಲಿನ ಆಪರೇಟರ್ ಈರಪ್ಪ ಹುಕ್ಕೇರಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದಾನೆ ಎಂದು ಭಾವಮೈದುನ ಹೇಳಿದ್ದ. ಹೋಗಲೇಬೇಕೆಂದು ಹಟ ಹಿಡಿದವಳು ಸುವರ್ಣಾ. ಕೊಲೆಯೊಂದನ್ನು ಬಚ್ಚಿಟ್ಟ ಆರೋಪಿಯನ್ನು ನೋಡಲು ಹೊರಟ ಗಾಂಭೀರ್ಯ ನಮ್ಮಲ್ಲಿತ್ತು.

ಆರೋಪಿ ಸ್ಟೂಲಿನ ಮೇಲೆ ಕೂತು ಲೌಡ್‌ಸ್ಪೀಕರಿನ ಹೊಟ್ಟೆ ಬಿಚ್ಚಿದ್ದ. ಸಿನಿಮಾದ ಹೆಸರು ಹೇಳಿದ್ದೇ ತಡ, ಮುಖ ಅರಳಿತು.

“ಅದರ ಪ್ರಿಂಟ್ ಒಂದ, ಊರ ಎರಡು. ಗೋಕಾಕದಾಗ ಒಂದ್ ರೀಲ್ ಮುಗದ ಕೂಡ್ಲೆ ಡಬ್ಬಿ ಕಟಗೊಂಡು ನಮ್ಮ ಮನಷ್ಯಾ ಮೊಪೆಡ್ ಮ್ಯಾಲ ಮೂಡಲಗಿಗೆ ಬರಾಂವ. ಕಡೀ ಡಬ್ಬಿ ಬಂದು ಓಡಿ ಮುಗಿಯೂದ್ರಾಗ ಸಂಜಿ ಆರು ಹೊಡೀತಿತ್ತು. ಕಲ್ಲೋಳಿ ಬಸ್ ಬಿಡೂದು ಐದೂ ಮುಕ್ಕಾಲಕ್ಕ.”

“ಅದಕ್ಕ?” ಎಂದಳು ಸುವರ್ಣಾ.

“ಮೊದಲನೇ ದಿನ ಪೂರಾ ತೋರಿಸಿದ್ನಿ ತಂಗಿ. ಅಂವ ಸತ್ತ. ಹೆಣ್ಮಕ್ಕಳ ಬಾಜೂ ಒಬ್ರೂ ಏಳವಲ್ರು. ಅಳಕೋತ ಕುಂತ್ರು. ಬಸ್ ಹ್ವಾತು. ಮತ್ತ ಅಷ್ಟೂ ಮಂದಿ ಅಳಕೋತ ಕಲ್ಲೋಳಿ ತನಕ ನಡದ್ರು. ಮರುದಿನದಿಂದ ಮ್ಯಾಟಿನಿಗೆ ಅಂವ ಕಣ್ಣ ತಗದು ನಗತಾನಲ್ಲ, ಅಲ್ಲೇ ನಿಂದ್ರಿಸಿ, ಬ್ಯಾರೇ ಸಿನಿಮಾದ ಶುಭಂ ಅಂಟಿಸಿಬಿಟ್ನಿ.”

“ಹೀರೋನ ಜೀವಾ ಉಳಿಸಿದಿ ಕಾಕಾ,” ಎಂದೆ.

“ಹೀರೋನ ತಗೊಂಡು ಏನ್ ಮಾಡೂದ್ರಿ? ಬಸ್ ಉಳಿಸಿದ್ನಿ.”

“ಕಾಕಾ, ನಿಮ್ಮ ಶುಭಂ ನಂಬಿ ನಾ ಇವರಿಗೆ ಹೂಂ ಅಂದ್ನಿ,” ಎಂದಳು ಸುವರ್ಣಾ.

ಈರಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಹಳ ಹೊತ್ತು ನೋಡಿದ.

“ತಪ್ಪಾತ ತಂಗಿ,” ಎಂದ.

ಎಷ್ಟೋ ದಿನಗಳ ನಂತರ ಅವಳು ಸೆರಗು ಬಾಯಿಗೆ ಹಿಡಿದು ನಕ್ಕದ್ದನ್ನು ಅಂದು ನೋಡಿದೆ. ಮರಳಿ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಕಬ್ಬು, ಗೋವಿನಜೋಳ, ಮತ್ತೆ ಕಬ್ಬು. ಹಳೆಯ ಸಿನಿಮಾಗಳನ್ನು ನಾವು ಯಾಕೆ ಮತ್ತೆ ನೋಡುತ್ತೇವೆ ಎಂದು ಯೋಚಿಸುತ್ತಿದ್ದೆ. ಅವು ಚೆನ್ನಾಗಿದ್ದವು ಎಂದಲ್ಲ. (ಆ ಜೀನ್ಸನ್ನು ಯಾವ ಕಾಲವೂ ಕ್ಷಮಿಸಲಾರದು.) ಅವುಗಳ ಮುಂದೆ ಕೂತಿದ್ದ ನಮ್ಮನ್ನು ಹುಡುಕಲು ಹೋಗುತ್ತೇವೆ. ಸಿಕ್ಕವರು ನಾವೇ ಎಂಬುದಕ್ಕೆ ಮಾತ್ರ ಗ್ಯಾರಂಟಿ ಇಲ್ಲ.

ಶನಿವಾರ ಸಂಜೆ ಅವಳೇ ಹೇಳಿದಳು, “ಹಚ್ಚ್ರಿ ಅದನ್ನ. ಕಡೀದಷ್ಟ.”

ಹಚ್ಚಿದೆ. ಆಸ್ಪತ್ರೆ ಬಂತು. ಅವನು ಕಣ್ಣು ತೆರೆದ. ನಕ್ಕ. ನಾನು ಥಟ್ಟನೆ ರಿಮೋಟ್ ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದೆ. “ಏಳು, ಕಲ್ಲೋಳಿ ಬಸ್ ಬಂತು,” ಎಂದೆ.

ಇಪ್ಪತ್ತು ವರ್ಷದಲ್ಲಿ ಅವಳಿಗಾಗಿ ನಾನು ತಡೆದ ಮೊದಲ ಕೆಟ್ಟ ಸುದ್ದಿ ಅದು. ಅವಳು ನಗುತ್ತಿರುವ ಹೀರೋನನ್ನು ಒಂದಿಷ್ಟು ಹೊತ್ತು ನೋಡಿದಳು. ನಂತರ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡಳು.

“ಬಸ್ ಹ್ವಾದ್ರ ಹೋಗಲಿ. ನೀವು ಬಾಜೂಕ ಕೂಡ್ರಿ.”

ಕೂತೆ. ಅವಳು ರಿಮೋಟ್ ಒತ್ತಿದಳು. ಪರದೆಯ ಮೇಲೆ ಹೀರೋನ ಕೈ ಜಾರಿತು; ಡಾಕ್ಟರು ಬಾಗಿಲು ತೆರೆದು ಹೊರಗಿದ್ದವರನ್ನು ಕರೆದರು. ಈ ಸಲ ಒಳಗೆ ಇಬ್ಬರೂ ಕೂಡಿಯೇ ಹೋದೆವು.