ಮೂರು ಹೆಡ್‌ಫೋನು, ಒಂದೇ ಖರಾಬಿ

ಕಳೆದ ಶನಿವಾರ ಯಾದಗಿರಿಯ ಸ್ಟೇಷನ್ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಮಾಲೀಕ ಖಾಜಾ ಭಾಯಿ ನನಗೆ ಹೆಡ್‌ಫೋನನ್ನು ಉಲ್ಟಾ ತೊಡಿಸಿದರು. ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಊಟ ರುಚಿಸುತ್ತಿಲ್ಲ. ಯಾರಾದರೂ ಎಡಗಡೆಯಿಂದ ಹಾದು ಹೋದರೆ ಬೆಚ್ಚಿ ಬೀಳುತ್ತೇನೆ.

ಒಂದು ಹೆಡ್‌ಫೋನು ಮನುಷ್ಯನನ್ನು ಇಷ್ಟು ಹೆದರಿಸಬಹುದೇ? ಹೇಳುತ್ತೇನೆ, ಕೇಳಿ.

ನಿಮಗೆ ಗೊತ್ತೇ ಇದೆ, ನಾನು ದಿನವೂ ಯಾದಗಿರಿಯಲ್ಲಿ ಬಸ್ಸು ಹತ್ತಿ, ಭೀಮಾ ಸೇತುವೆ ದಾಟಿ, ಶಹಾಪುರದಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೊ ಹಿಡಿದು ಸುರಪುರ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗುವ ಸಮಾಜ ವಿಜ್ಞಾನದ ಮಾಸ್ತರ. ಬಸ್ಸಿನ ಕಿಟಕಿಗಳು ಗಡಗಡ ಅನ್ನುತ್ತವೆ. ಹಿಂದಿನ ಸೀಟಿನವರು ರೀಲ್ಸ್ ಹಚ್ಚಿರುತ್ತಾರೆ. ಇದರ ನಡುವೆ ದೋರನಹಳ್ಳಿ ಬರುವ ಹೊತ್ತಿಗೆ ತಲೆ ಹಿಡಿದಿರುತ್ತದೆ. ಅದಕ್ಕೇ ಒಂದು ಒಳ್ಳೆಯ ಹೆಡ್‌ಫೋನು ಬೇಕೆಂದು ಹೊರಟೆ.

(ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ನಮ್ಮ ಶಾಲೆಯ ಹುಡುಗಿಯರ ಮೌನದ ಬಗ್ಗೆ ಬರೆದಾಗ ಹೊಗಳಿ ಮೆಸೇಜ್ ಹಾಕಿದವರೇ, ಇವತ್ತೇನು ಹೆಡ್‌ಫೋನು ಎಂದು ಪುಟ ತಿರುಗಿಸಬೇಡಿ. ಅಲ್ಲಿಗೂ ಬರುತ್ತೇನೆ.)

ಮೊದಲು ತಂದದ್ದು ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಬಡ್ಸ್. ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು, ಹೊರಗಿನ ಸದ್ದನ್ನು ನುಂಗಿಬಿಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನುಂಗಿದ್ದೂ ನಿಜ. ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ. ಆದರೆ ಎಡಗಡೆಯದು ಹಾಡನ್ನೂ ಅರ್ಧ ನುಂಗುತ್ತಿತ್ತು. ವಾಪಸ್ ಒಯ್ದೆ.

ಖಾಜಾ ಭಾಯಿ ಮರುಮಾತಾಡದೆ ಬದಲಿಸಿ ಕೊಟ್ಟರು. ಈ ಸಲ ಸಂಗೀತಕ್ಕೆಂದೇ ಮಾಡಿದ, ಕಿವಿಯನ್ನು ಪೂರಾ ಮುಚ್ಚುವ ದೊಡ್ಡದು. ನನಗೆ ತತ್ವಪದ ಅಂದರೆ ಪ್ರಾಣ. ಬಲಗಡೆ ಏಕತಾರಿ ಏನು ಮೊಳಗುತ್ತಿತ್ತು ಅಂತೀರಿ! ಎಡಗಡೆ ದಮ್ಮಡಿ ಮಾತ್ರ ಪಕ್ಕದ ಓಣಿಯಲ್ಲಿ ಬಾರಿಸಿದಂತೆ ಕೇಳುತ್ತಿತ್ತು. ಅದೂ ವಾಪಸ್.

ಮೂರನೆಯದು ಮನೆಯಲ್ಲಿ ಕೂತು ಕೇಳಲು ಹಗುರವಾದದ್ದು. ಮೆತ್ತನೆಯ ಸ್ಪಂಜು, ಕುಕ್ಕರ್ ಕೂಗಿದ್ದೂ ಕೇಳಿಸುತ್ತದೆ, ಹೆಂಡತಿ ಕರೆದದ್ದೂ ಕೇಳಿಸುತ್ತದೆ. (ಇದು ಗುಣವೋ ದೋಷವೋ, ಗಂಡಸರು ತಾವೇ ತೀರ್ಮಾನಿಸಿಕೊಳ್ಳಲಿ.) ನಾಲ್ಕು ದಿನ ಕೇಳಿದೆ. ಎಡಗಡೆ ಮತ್ತೆ ಮಂದ.

ಅಷ್ಟರಲ್ಲಿ ನಾನು ಸ್ಟಾಫ್ ರೂಮಿನಲ್ಲಿ ದೊಡ್ಡ ಪರಿಣತನಾಗಿದ್ದೆ. ಈಗಿನ ಮಾಲೆಲ್ಲ ಹೀಗೇ, ಎಡಗಡೆಯ ಸ್ಪೀಕರಿಗೆ ಅಗ್ಗದ ವಸ್ತು ಹಾಕುತ್ತಾರೆ ಎಂದು ಭಾಷಣ ಮಾಡುತ್ತಿದ್ದೆ. ಇಬ್ಬರು ಸಹೋದ್ಯೋಗಿಗಳು ನನ್ನ ಮಾತು ನಂಬಿ ಹೆಡ್‌ಫೋನು ಕೊಳ್ಳುವುದನ್ನೇ ಕೈಬಿಟ್ಟರು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಮೂರನೇ ಡಬ್ಬಿಯೊಂದಿಗೆ ಅಂಗಡಿಯ ಮೆಟ್ಟಿಲು ಹತ್ತಿದೆ. ಖಾಜಾ ಭಾಯಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಲೆಫ್ಟ್ ಏನ್ರಿ ಸರ್?"

"ಲೆಫ್ಟೇ."

"ಸರ್, ಗುಸ್ಸಾ ಮಾಡ್ಕೋಬ್ಯಾಡ್ರಿ. ಮೂರು ಪೀಸ್ ಒಯ್ದೀರಿ. ಕಂಪನಿ ಬ್ಯಾರೆ ಬ್ಯಾರೆ ಅದಾವ. ಖರಾಬಿ ಒಂದೇ ಹೆಂಗ ಆಗ್ತದ್ರಿ?"

ನಾನು ಅಗ್ಗದ ವಸ್ತುವಿನ ಭಾಷಣ ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಹೆಡ್‌ಫೋನನ್ನು ತೆಗೆದು, ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಬರುವಂತೆ ತಿರುಗಿಸಿ, ತಾವೇ ನನ್ನ ತಲೆಗೆ ತೊಡಿಸಿ ಅದೇ ಹಾಡು ಹಚ್ಚಿದರು.

"ಈಗ ಯಾ ಕಡಿ ಕಮ್ಮಿ ಕೇಳಾಕತ್ತದ್ರಿ?"

"ಎಡಗಡಿ," ಎಂದೆ ಥಟ್ಟನೆ. ಗೆದ್ದವನ ದನಿಯಲ್ಲಿ.

ಖಾಜಾ ಭಾಯಿ ಹೆಡ್‌ಫೋನಿನ ಎಡಬದಿಯನ್ನು ಮೆಲ್ಲಗೆ ಬಿಡಿಸಿ ನನ್ನ ಕಣ್ಣ ಮುಂದೆ ಹಿಡಿದರು. ಅದರ ಮೇಲೆ 'ಆರ್' ಎಂದಿತ್ತು. ಬಲಗಡೆಯದು. ನಾಲ್ಕು ದಿನ ನಾನು ಹಾಡಿ ಹೊಗಳಿದ್ದ ಬಲಗಡೆಯದು.

ಆ ಅಕ್ಷರವನ್ನು ಮತ್ತೊಮ್ಮೆ ಓದಿದೆ.

"ಮಾಲ್ ಸಾಫ್ ಅದ ಸರ್," ಎಂದರು ಮೆತ್ತಗೆ. "ಒಮ್ಮಿ ಡಾಕ್ಟರಿಗೆ ತೋರಿಸ್ರಿ. ನಮ್ಮ ಅಬ್ಬಾಗೂ ಹಿಂಗೇ ಆಗಿತ್ತು."

ಅವರ ತಂದೆಗೆ ಆಮೇಲೆ ಏನಾಯಿತು ಎಂದು ಕೇಳುವ ಧೈರ್ಯ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೂರು ಅಂಗಳ ಬದಲಿಸಿ, ಮೂರೂ ನೆಲ ಡೊಂಕು ಎಂದು ಬಂದಿದ್ದೆ.

ಆದರೆ ಮನಸ್ಸು ಅಷ್ಟು ಸುಲಭಕ್ಕೆ ಒಪ್ಪುತ್ತದೆಯೇ? ಮನೆಗೆ ಬಂದವನೇ ಮಗಳ ಗೇಮಿಂಗ್ ಹೆಡ್‌ಸೆಟ್ಟಿಗೆ ಕೈ ಹಾಕಿದೆ. ಅವಳು ಪಿಯುಸಿ ಓದುತ್ತಾಳೆ, ಓದಿಗಿಂತ ಹೆಚ್ಚು ಗೇಮ್ ಆಡುತ್ತಾಳೆ. ಅವಳದು ವಯರಿನದು. ವೈರ್‌ಲೆಸ್ಸಿನಲ್ಲಿ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ, ಅಷ್ಟರಲ್ಲಿ ನಾವು ಸತ್ತಿರುತ್ತೇವೆ ಎಂಬುದು ಅವಳ ವಾದ. ಗೇಮಿಗೆ ಬೇಕಾದದ್ದು ಇಂಪಲ್ಲವಂತೆ, ದಿಕ್ಕಂತೆ. ವೈರಿಯ ಹೆಜ್ಜೆ ಯಾವ ಕಡೆಯಿಂದ ಬರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಬೇಕಂತೆ.

"ಒಂದು ಆಟ ಆಡಿಸು," ಎಂದು ಕೂತೆ.

ಒಂದು ನಿಮಿಷವೂ ಬಾಳಲಿಲ್ಲ.

"ಅಪ್ಪಾ, ಎಡಕ್ಕ ಬಂದಾನ, ಎಡಕ್ಕ! ಅಷ್ಟು ಜೋರ್ ಹೆಜ್ಜಿ ಸಪ್ಪಳ ಬರಾಕತ್ತದ, ನನಗ ಹೊರಗೇ ಕೇಳ್ತದ. ನಿನಗ ಕೇಳಲಿಲ್ಲೇನು?"

ಮೂರು ಸಲ ಸತ್ತೆ. ಮೂರು ಸಲವೂ ಎಡಗಡೆಯಿಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಗಿರಿಜಾಗೆ ಎಲ್ಲವನ್ನೂ ಹೇಳಿದೆ. ಗಾಬರಿಯಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ನನಗೇನ್ ಹೊಸಾದ್ರಿ? ಎರಡು ವರ್ಷ ಆತು, ಕೆಲಸದ ಮಾತಿದ್ರ ನಾ ನಿಮ್ಮ ಬಲಕ್ಕೇ ಬಂದು ಹೇಳ್ತೀನಿ. ಎಡಕ್ಕ ನಿಂತು ಹೇಳಿದ್ರ ನೀವು ಬರೇ ಹೂಂ ಅಂತೀರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಲಕ್ಷ್ಯ ಇಲ್ಲ ನಿಮಗ ಅನ್ಕೊಂಡಿದ್ದೆ. ಕಿವಿ ಇಲ್ಲ ಅಂತ ನನಗೇನ್ ಗೊತ್ತು?" ಎಂದವಳು ಸೌಟನ್ನು ಮತ್ತೆ ಎತ್ತಿಕೊಂಡು, "ಸಿಟ್ಟು ಬಂದಾಗ ಮಾತ್ರ ಎಡಕ್ಕ ನಿಂತು ಬೈತೀನಿ. ಅದೊಂದು ಆರಾಮಿತ್ತು," ಎಂದಳು.

ಮಗಳು ನಕ್ಕಳು. ಗಿರಿಜಾ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಭಾನುವಾರವಿಡೀ ಮೊಬೈಲಿನಲ್ಲಿ ಕಿವಿಯ ಕಾಯಿಲೆಗಳನ್ನು ಓದಿದೆ. ಮಾಡಬಾರದ ಕೆಲಸ. ಗುಗ್ಗೆಯಿಂದ ಶುರುವಾದದ್ದು ಮೂರನೇ ಪುಟದಲ್ಲಿ ಗಡ್ಡೆಗೆ ಬಂದು ನಿಂತಿತು. ಐದು ನಿಮಿಷಕ್ಕೊಮ್ಮೆ ಎರಡು ಬೆರಳು ಉಜ್ಜಿ ಆ ಕಿವಿ ಈ ಕಿವಿ ಪರೀಕ್ಷೆ ಮಾಡಿದೆ. ಬಲಕ್ಕೆ ಸರಸರ. ಎಡಕ್ಕೆ ಏನಿಲ್ಲ. ಮಾಸ್ತರಿಕೆಯಲ್ಲಿ ಇನ್ನೂ ಹನ್ನೊಂದು ವರ್ಷ ಬಾಕಿ ಇದೆ. ಕಿವಿ ಕೇಳದ ಮಾಸ್ತರನಿಗೆ ಮಕ್ಕಳು ಏನು ಹೆಸರಿಡುತ್ತಾರೆ ಎಂದು ನನಗೆ ಗೊತ್ತು. ನಮ್ಮ ಕಾಲದಲ್ಲಿ ನಾವೂ ಇಟ್ಟಿದ್ದೆವು.

ಹಳೆಯದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಟಂಟಂ ಒಂದು ಮೈಗೆ ಸವರಿಕೊಂಡೇ ಹೋದಾಗ ಹಾರ್ನ್ ಹಾಕಲು ಬರುವುದಿಲ್ಲವೇ ಎಂದು ಡ್ರೈವರನಿಗೆ ಬಾಯಿಗೆ ಬಂದಂತೆ ಬೈದಿದ್ದೆ. ಆತ ಬಾಯಿ ತೆರೆದು ನನ್ನನ್ನೇ ನೋಡುತ್ತ ನಿಂತಿದ್ದ. ಪಾಪ, ಎಷ್ಟು ಸಲ ಹಾರ್ನ್ ಹಾಕಿದ್ದನೋ!

ಸೋಮವಾರ ಸಂಜೆ ಕಿವಿ ಡಾಕ್ಟರಲ್ಲಿಗೆ ಹೋದೆ. ಗುಗ್ಗೆಯೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಗುಗ್ಗೆಗಾಗಿ ದೇವರನ್ನು ಬೇಡಿದವರು ಬೇರೆ ಯಾರಾದರೂ ಇದ್ದಾರೆಯೇ?

"ಗುಗ್ಗಿ ಇಲ್ರೀ ಮಾಸ್ತರ್," ಎಂದರು ಡಾಕ್ಟರು, ಕಿವಿಯೊಳಗೆ ಬೆಳಕು ಬಿಟ್ಟು. "ಪರದೆ ಛಲೋ ಅದ. ಒಳಗಿನ ನರದ್ದು ಏನರೆ ಅದನೋ ಏನೋ, ಟೆಸ್ಟ್ ಮಾಡಿಸಿದ್ರ ತಿಳೀತದ. ಈಗೇ ಗಾಬರಿ ಆಗಬ್ಯಾಡ್ರಿ."

ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಗಾಬರಿಯಾಗದೆ ಇದ್ದವರನ್ನು ನಾನಂತೂ ನೋಡಿಲ್ಲ. ಗುರುವಾರ ಕಲಬುರಗಿಯಲ್ಲಿ ಟೆಸ್ಟು. ಇದನ್ನು ಬರೆಯುತ್ತಿರುವುದು ಬುಧವಾರ.

ಇಷ್ಟೇ ಆಗಿದ್ದರೆ ನನ್ನ ಕಿವಿಯ ಕಥೆ ನನ್ನಲ್ಲೇ ಇರುತ್ತಿತ್ತು. ನಡುವೆ ಮಂಗಳವಾರ ಬಂತು.

ನಮ್ಮ ಕಡೆಯ ಹೈಸ್ಕೂಲು ನೋಡಿದವರಿಗೆ ಗೊತ್ತು. ಹುಡುಗಿಯರದು ಒಂದು ಸಾಲು, ಹುಡುಗರದು ಒಂದು ಸಾಲು. ಯಾರೂ ನಿಯಮ ಮಾಡಿದ್ದಲ್ಲ. ಮಕ್ಕಳು ಒಳಗೆ ಬರುವಾಗಲೇ ಎರಡು ಕಾಲುವೆಯ ನೀರಿನಂತೆ ಬೇರೆಯಾಗಿ ಕೂರುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಹುಡುಗರು ಕಿಟಕಿಯ ಕಡೆ. ಹುಡುಗಿಯರು ಬಾಗಿಲ ಕಡೆ.

ಕರಿಹಲಗೆಯ ಮುಂದೆ ನಿಂತೆ. ಬಲಕ್ಕೆ ಹುಡುಗರು.

ಎಡಕ್ಕೆ?

ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಎರಡು ತಿಂಗಳ ಹಿಂದೆ ನಾನು ಬರೆದದ್ದು ನಿಮಗೂ ನೆನಪಿರಬಹುದು. 'ನಮ್ಮ ಹುಡುಗಿಯರು ಯಾಕೆ ಬಾಯಿ ಬಿಡುವುದಿಲ್ಲ?' ಪ್ರಶ್ನೆ ಕೇಳಿದರೆ ಹುಡುಗರು ಮುಗಿಬೀಳುತ್ತಾರೆ, ಹುಡುಗಿಯರು ತುಟಿ ಅಲುಗಿಸಿ ಸುಮ್ಮನಾಗುತ್ತಾರೆ, ತಗ್ಗಿ ಬಗ್ಗಿ ನಡೆ ಎಂದು ಮನೆಯವರು ಕಲಿಸಿದ ಪಾಠವೇ ಇದಕ್ಕೆ ಕಾರಣ ಎಂದೆಲ್ಲ ಬರೆದಿದ್ದೆ. ಮೂರನೇ ಬೆಂಚಿನ ಒಬ್ಬ ಜಾಣ ಹುಡುಗಿಯನ್ನು ಹೆಸರು ಹೇಳದೆ ಉದಾಹರಣೆ ಕೊಟ್ಟಿದ್ದೆ. ಗೋಗಿ ಗ್ರಾಮದ ಓದುಗರೊಬ್ಬರು ಫೋನ್ ಮಾಡಿ, ನನ್ನ ಮಗಳೂ ಹೀಗೇ ಎಂದು ಗದ್ಗದಿತರಾಗಿದ್ದರು. ನಾನು ಅವರಿಗೆ ಧೈರ್ಯ ಹೇಳಿದ್ದೆ!

ತುಟಿ ಅಲುಗಿಸಿ. ಆ ಮಾತನ್ನು ಬರೆದವನು ನಾನೇ. ತುಟಿ ಅಲುಗಿದ್ದನ್ನು ಕಂಡವನಿಗೆ ಮಾತು ಬಂದಿರಬಹುದು ಎಂದು ಹೊಳೆಯಬಾರದಿತ್ತೇ?

ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ಹೋಗಿ ಬಾಗಿಲ ಹತ್ತಿರ ಗೋಡೆಗೆ ಎಡಭುಜ ಒರಗಿಸಿ ನಿಂತೆ. ಈಗ ಇಡೀ ಕ್ಲಾಸು ನನ್ನ ಬಲಕ್ಕೆ.

"ಭೀಮಾ ನದಿ ಎಲ್ಲಿ ಹುಟ್ಟತದ?"

ಹುಡುಗರು ಎಂದಿನಂತೆ ಕೂಗಿದರು. "ಮಹಾರಾಷ್ಟ್ರ!" ಆ ಗದ್ದಲದ ಅಡಿಯಲ್ಲಿ, ನನ್ನ ಹತ್ತಿರದಿಂದಲೇ ಇನ್ನೊಂದು ದನಿ ಬಂತು. ಸಣ್ಣದು, ಆದರೆ ಸ್ಪಷ್ಟ.

"ಭೀಮಾಶಂಕರದಾಗ್ರೀ ಸರ್."

ಮೂರನೇ ಬೆಂಚಿನ ದೇವಮ್ಮ. ನಾನು ಉದಾಹರಣೆ ಕೊಟ್ಟ ಹುಡುಗಿ. ಅವಳ ಹಿಂದಿನಿಂದಲೂ ಇಬ್ಬರು ಅದನ್ನೇ ಹೇಳಿದರು.

"ದೇವಮ್ಮಾ, ನೀ ದಿನಾ ಹಿಂಗ ಉತ್ತರ ಹೇಳ್ತಿದ್ದೇನು?"

ಅವಳು ಎದ್ದು ನಿಂತಳು. ತಪ್ಪು ಮಾಡಿದವಳ ಹಾಗೆ ಓಢಣಿಯ ತುದಿ ಹಿಡಿದುಕೊಂಡಿದ್ದಳು.

"ಹೇಳ್ತಿದ್ದೆರೀ ಸರ್."

"ಮತ್ತ?"

"ನೀವು ಹುಡುಗರ ಕಡಿ ಹೊಳ್ಳಿ ಶಾಬಾಸ್ ಅಂತಿದ್ರಿ. ನಮ್ಮದು ತಪ್ಪಿರ್ತದ, ಅದಕ್ಕ ಸರ್ ಬಿಟ್ಟಾರ ಅನ್ಕೋತಿದ್ದೆವ್ರಿ." ಆಮೇಲೆ ಹಿಂದಿನ ಬೆಂಚುಗಳ ಕಡೆ ನೋಡಿ ಹೇಳಿದಳು, "ಭಾಳ ಮಂದಿ ಹೇಳೋದೇ ಬಿಟ್ಟಾರ್ರಿ."

ನನ್ನ ಎಡಗಿವಿ ಕೇಳುವುದಿಲ್ಲ, ತಪ್ಪು ನಿಮ್ಮದಲ್ಲ, ನನ್ನದು ಎಂದು ಇಡೀ ಕ್ಲಾಸಿಗೆ ಹೇಳಿದೆ. ಯಾರೂ ನಗಲಿಲ್ಲ. ಹುಡುಗರೂ ನಗಲಿಲ್ಲ. ಮಕ್ಕಳು ಇಡುವ ಹೆಸರಿಗೆ ಹೆದರಿದ್ದೆನಲ್ಲ, ಆ ಹೆದರಿಕೆ ಅಲ್ಲಿಗೆ ಮುಗಿಯಿತು. ಬೇರೆಯದೊಂದು ಶುರುವಾಯಿತು.

ಯಾಕೆಂದರೆ ಆ ಅಂಕಣವನ್ನು ನಮ್ಮ ಶಾಲೆಯ ಗೋಡೆ ಪತ್ರಿಕೆಯಲ್ಲಿ ಹಾಕಿದ್ದೇವೆ. ಎಲ್ಲರೂ ಓದಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಬರೆದವಳು ದೇವಮ್ಮ. ಇಡೀ ಶಾಲೆಯಲ್ಲಿ ಅವಳ ಕೈಬರಹವೇ ದುಂಡಗೆ. ಬರೆದು ಮುಗಿಸಿ ತಂದ ದಿನ ಅವಳು ನನ್ನ ಎಡಗಡೆ ನಿಂತು ಏನೋ ಅಂದಿದ್ದಳು. ನಾನು ಹಾಳೆ ನೋಡುತ್ತ ಶಾಬಾಸ್ ಎಂದು ತಲೆಯಾಡಿಸಿದ್ದೆ. ಏನಂದಿದ್ದಳು? ಈಗ ಕೇಳಲು ನನಗೆ ಧೈರ್ಯ ಸಾಲುತ್ತಿಲ್ಲ.

ಯಾವ ಹೆಡ್‌ಫೋನು ಒಳ್ಳೆಯದು ಎಂದು ಕೇಳುವವರು ಇನ್ನೂ ಇದ್ದರೆ, ಬಸ್ಸಿಗೆ ಬಡ್ಸ್, ಹಾಡಿಗೆ ದೊಡ್ಡದು, ಗೇಮಿಗೆ ವಯರಿನದು, ಮನೆಗೆ ಹಗುರವಾದದ್ದು. ಮೂರನೆಯದನ್ನು ನಾನೇ ಇಟ್ಟುಕೊಂಡಿದ್ದೇನೆ. ಅದರಲ್ಲಿ ಯಾವ ದೋಷವೂ ಇಲ್ಲ. ಯಾವುದನ್ನೇ ಕೊಳ್ಳಿ, ಅಂಗಡಿಯಲ್ಲೇ ಒಮ್ಮೆ ಉಲ್ಟಾ ತೊಟ್ಟು ನೋಡಿ.

ನಾಳೆ ಕಲಬುರಗಿ. ಎಡಗಿವಿಯಲ್ಲಿ ಎಷ್ಟು ಉಳಿದಿದೆ ಎಂದು ಕಾಗದದ ಮೇಲೆ ಬರೆದು ಕೊಡುತ್ತಾರಂತೆ. ಭಯವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಶುಕ್ರವಾರ ಶಾಲೆಗೆ ಹೋಗಿ ಇನ್ನೊಂದು ಹಾಳೆಯನ್ನು ಒಬ್ಬ ಹುಡುಗಿಯ ಕೈಗೆ ಕೊಡಬೇಕಲ್ಲ, ಅದಕ್ಕೆ ಹೆಚ್ಚು ಭಯ.

ದೇವಮ್ಮಾ, ಇದನ್ನೂ ಗೋಡೆ ಪತ್ರಿಕೆಗೆ ಬರೆದು ಹಾಕುತ್ತೀಯೇನಮ್ಮ?