ಮುಕ್ತಾಬಾಯಿಯ ವಂದನಾರ್ಪಣೆ

ಕಲಬುರಗಿಯ ಗಾಜಿಪುರ ಓಣಿಯ ಮುಕ್ತಾಬಾಯಿಗೆ ಮೆಚ್ಚಿಗೆಯಾದ ಮನುಷ್ಯರು ಜಗತ್ತಿನಲ್ಲಿ ಬಹಳ ಕಡಿಮೆ. ಇದ್ದ ನಾಲ್ಕಾರು ಜನರೂ ಆಕೆ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ತರಕಾರಿಯವಳು ಬಂದು ಬದನೆಕಾಯಿ ತಾಜಾ ಅದಾವ ಎಂದರೆ ಆಕೆ ಬದನೆಕಾಯಿ ನೋಡುತ್ತಿರಲಿಲ್ಲ, ತರಕಾರಿಯವಳ ಮುಖ ನೋಡುತ್ತಿದ್ದಳು. ಅಷ್ಟಕ್ಕೇ ಆ ಬಡಪಾಯಿ ಬುಟ್ಟಿ ಎತ್ತಿಕೊಂಡು ಮುಂದಿನ ಓಣಿ ಹಿಡಿಯುತ್ತಿದ್ದಳು. ಗಂಡ ಪಾಂಡುರಂಗರಾಯರು ಬೆಳಿಗ್ಗೆ ವಿಠ್ಠಲ ಮಂದಿರದಲ್ಲಿ ಪೂಜೆ, ಹಗಲು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದ ತಣ್ಣನೆಯ ಮನುಷ್ಯ. ಸಾಕ್ಷಾತ್ ವಿಠ್ಠಲನೇ ಬಂದು ಎದುರಿಗೆ ನಿಂತರೂ, ಸೊಂಟದ ಮೇಲೆ ಕೈ ಇಟ್ಟುಕೊಂಡು ಇದೇನು ನಿಲ್ಲುವ ರೀತಿ ಎಂದು ನೀನು ಕೇಳುವವಳೇ ಎಂದು ಅವರು ಮನೆಯ ಮರಾಠಿಯಲ್ಲಿ ಹೇಳಿ ನಗುತ್ತಿದ್ದರು. ಮುಕ್ತಾಬಾಯಿ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಕಮಲಾಪುರದ ಜ್ಞಾನಪ್ರಕಾಶ ಪ್ರೌಢಶಾಲೆಯಲ್ಲಿ ಆಕೆ ಇತಿಹಾಸದ ಶಿಕ್ಷಕಿ. ದಿನಾ ಹುಮನಾಬಾದ್ ಬಸ್ಸಿನಲ್ಲಿ ಹೋಗಿ ಬರುವುದು. ಪಾಠ ಚೆನ್ನಾಗಿ ಮಾಡುತ್ತಿದ್ದಳು, ಅದರಲ್ಲಿ ಸುಳ್ಳಿಲ್ಲ. ಬಹಮನಿ ಸುಲ್ತಾನರನ್ನು ಆಕೆ ಬೈಯುತ್ತಿದ್ದ ರೀತಿ ಕೇಳಿದರೆ ಅವರು ನಿನ್ನೆ ಮೊನ್ನೆ ಆಕೆಯ ಮನೆಯ ನಳದ ನೀರು ತಪ್ಪಿಸಿದ್ದಾರೋ ಎನಿಸುತ್ತಿತ್ತು. ಮಕ್ಕಳು ಹೆದರುತ್ತಿದ್ದರು, ಕಲಿಯುತ್ತಲೂ ಇದ್ದರು. ಜೊತೆಯ ಮಾಸ್ತರರು ಹೆದರುತ್ತಿದ್ದರು ಅಷ್ಟೇ.

ಆ ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷ ರೇವಣಗೌಡ. ಕೆಂಪು ಬಾಳೆಯ ತೋಟಗಳು, ಎರಡು ಟ್ರ್ಯಾಕ್ಟರು, ಒಂದು ಜೋಡಿ ನಳಿಕೆಯ ಬಂದೂಕು, ಇವು ಅವನ ವಿದ್ಯಾರ್ಹತೆ. ಶಾಲೆಗೆ ಬಂದಾಗಲೆಲ್ಲ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದ. ಮಾತು ಮುಗಿಯುವಷ್ಟರಲ್ಲಿ ಒಂದಿಬ್ಬರು ತಲೆ ಸುತ್ತಿ ಬೀಳುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಈ ಮಹಾಶಯ ಸೊಸೈಟಿಯ ಚುನಾವಣೆ ಗೆದ್ದ. ಸೊಸೈಟಿ ಎಂದರೆ ಗೊಬ್ಬರ, ಬೀಜ ಹಂಚುವ ಒಂದು ಕೋಣೆ. ಮೆರವಣಿಗೆ ಮಾತ್ರ ದಿಲ್ಲಿ ಗೆದ್ದವರ ಹಾಗೆ. ಹಲಗೆಯ ಬಡಿತ, ಗುಲಾಲು, ಪಟಾಕಿ, ಟ್ರ್ಯಾಕ್ಟರಿನ ಮೇಲೆ ಹೂವಿನ ಹಾರದಲ್ಲಿ ಮುಳುಗಿದ ಗೌಡ, ಅವನ ಕೈಯಲ್ಲಿ ಆ ಬಂದೂಕು. ಶಾಲೆಯಲ್ಲಿ ಊಟದ ಬಿಡುವು. ಗೇಟಿನ ಹತ್ತಿರದ ನೀರಿನ ಟಾಕಿಯಲ್ಲಿ ಒಂಬತ್ತನೆಯ ತರಗತಿಯ ಶೇವಂತಾ ಊಟದ ಡಬ್ಬಿ ತೊಳೆಯುತ್ತಿದ್ದಳು. ಮುಕ್ತಾಬಾಯಿ ವರಾಂಡದಲ್ಲಿ ನಿಂತು, ಇಂಥ ಹುಚ್ಚರನ್ನು ಹೆತ್ತವರು ಯಾರಪ್ಪ ಎಂಬ ಮುಖ ಮಾಡಿಕೊಂಡು ನೋಡುತ್ತಿದ್ದಳು.

ಗೌಡ ಮೊದಲ ಗುಂಡನ್ನು ಆಕಾಶಕ್ಕೆ ಹಾರಿಸಿದ. ಜನ ಕೇಕೆ ಹಾಕಿದರು. ಎರಡನೆಯದನ್ನು ಹಾರಿಸುವಾಗ ಟ್ರ್ಯಾಕ್ಟರಿನ ಗಾಲಿ ಗೇಟಿನ ಎದುರಿನ ಗುಂಡಿಯಲ್ಲಿ ಇಳಿಯಿತು, ನಳಿಕೆ ವಾಲಿತು, ಟಾಕಿಯ ಹತ್ತಿರ ಶೇವಂತಾ ಬಿದ್ದಳು. ಬಲಭುಜದಿಂದ ರಕ್ತ. ನಗುತ್ತಿದ್ದ ಗೌಡನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅಷ್ಟರಲ್ಲಿ ಟ್ರ್ಯಾಕ್ಟರಿನ ಮೇಲಿನ ಯಾವನೋ ಜಾಣ, "ಪಟಾಕಿ ಸಿಡೀತು! ಪಟಾಕಿ!" ಎಂದು ಕೂಗಿದ. ಗೌಡ ಬಾಯಿ ಮುಚ್ಚಿಕೊಂಡ. ಮೆರವಣಿಗೆ ಮುಂದಕ್ಕೆ ಹೋಯಿತು. ಹಲಗೆಯವರು ಒಂದು ಪೆಟ್ಟೂ ತಪ್ಪಿಸಲಿಲ್ಲ.

ಪೊಲೀಸ್ ಚೌಕಿ ಶಾಲೆಯಿಂದ ಕೂಗಿದರೆ ಕೇಳುವಷ್ಟು ದೂರ. ಹವಾಲ್ದಾರ ಬಂದದ್ದು ಮೆರವಣಿಗೆಯವರ ಊಟವಾದ ಮೇಲೆ. ಅವನ ಬಾಯಲ್ಲಿ ಆಗ ತಾನೇ ಹಾಕಿದ ಎಲೆಅಡಿಕೆ ಇತ್ತು, ಊಟ ಎಲ್ಲಿ ಆಯಿತೆಂದು ಯಾರೂ ಕೇಳಲಿಲ್ಲ. ಗೇಟಿನ ಮುಂದೆ ಬಿದ್ದ ಪಟಾಕಿಯ ಕೆಂಪು ಕಾಗದವನ್ನು ಮುಷ್ಟಿ ತುಂಬ ಆರಿಸಿಕೊಂಡು ಅವನು ವರಾಂಡಕ್ಕೆ ಬಂದ.

"ಬಾಯಾರ, ನೀವು ಇಲ್ಲೇ ನಿಂತಿದ್ರಂತಲ್ರೀ. ಏನ್ ನೋಡಿದ್ರಿ? ಪಟಾಕಿನೇ ಅಲ್ಲೇನ್ರಿ?"

ಮುಕ್ತಾಬಾಯಿ ಅವನನ್ನು ಟೊಪ್ಪಿಗೆಯಿಂದ ಬೂಟಿನವರೆಗೆ ಒಮ್ಮೆ ನೋಡಿದಳು. "ನಿಮ್ಮ ಕಣ್ಣು ಮನ್ಯಾಗ ಇಟ್ಟು ಬಂದೀರೇನು? ನನಗೇನ್ ಕೇಳ್ತೀರಿ?" ಎಂದಳು. ಸೆರಗು ಹೊದ್ದುಕೊಂಡು ಸ್ಟಾಫ್ ರೂಮಿಗೆ ನಡೆದುಬಿಟ್ಟಳು.

ಅಲ್ಲಿ ಕುಳಿತು ಆಕೆಗೆ ಸಮಾಧಾನವೇ ಆಯಿತು. ಆ ಎಂಜಲು ತಿನ್ನುವವನ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಬಂದೆ ಎಂದುಕೊಂಡಳು. ಹವಾಲ್ದಾರನಿಗೆ ಆದ ಸಮಾಧಾನ ಇನ್ನೂ ದೊಡ್ಡದು. ಕಣ್ಣಾರೆ ನೋಡಿದ ಶಿಕ್ಷಕಿಯೇ ಏನೂ ಹೇಳದೆ ಎದ್ದು ಹೋದದ್ದು ಅವನಿಗೆ ಹಬ್ಬ. ಪಟಾಕಿ ಎಂದೇ ಕೇಸು ಮುಗಿಯಿತು. ಊರಿನ ಡಾಕ್ಟರು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ಹಚ್ಚಿ, ಪಟ್ಟಿ ಕಟ್ಟಿ, ಹುಡುಗಿಯನ್ನು ಮನೆಗೆ ಕಳಿಸಿದ. ಗೌಡರ ಮನೆಯಿಂದ ಹುಡುಗಿಗೆ ಒಂದು ಗೊನೆ ಕೆಂಪು ಬಾಳೆಹಣ್ಣು ಬಂತು. ಅದನ್ನು ತೋಟದಿಂದ ಹೊತ್ತು ತಂದವಳು ಆ ತೋಟದಲ್ಲೇ ಕೂಲಿ ಮಾಡುವ ಶೇವಂತಾಳ ತಾಯಿ ಹಣಮಮ್ಮ.

ಎರಡು ವಾರ ಕಳೆದ ಮೇಲೆ ಹಣಮಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಬರಲಿಲ್ಲ.

"ಬಾಯಾರ, ಹುಡುಗಿ ಕೈ ಬಾತದರೀ. ಬೆರಳಿಗೆ ಸೂಜಿ ಚುಚ್ಚಿದ್ರೂ ಗೊತ್ತಾಗಂಗಿಲ್ಲಂತಾಳ. ಕಲಬುರ್ಗಿ ದವಾಖಾನಿಗಿ ಒಯ್ದಿದ್ದೆ. ಎಲುಬಿನ ಫೋಟೋ ತೆಗದ್ರು. ಒಳಗ ಛರ್ರಾ, ಸೀಸದ ಸಣ್ಣ ಗುಂಡು, ಅದಾವಂತ್ರಿ."

"ಮತ್ತ ತೆಗೀಲಿಲ್ಲೇನು?"

"ದೊಡ್ಡ ಡಾಕ್ಟರ್ ಒಲ್ಲೆ ಅಂದ್ರು. ಬಂದೂಕಿನ ಗಾಯ ಅಂದ್ರ ಪೊಲೀಸರ ಕಾಗದ ಬೇಕಂತ, ಇಲ್ಲಂದ್ರ ನಾಳಿ ಕೋರ್ಟಿಗಿ ತಿರುಗೋರು ಯಾರು ಅಂತಾರ. ಚೌಕ್ಯಾಗ ಕೇಳಿದ್ರ ಪಟಾಕಿ ಅಂತಾರ. ನೋಡಿದೋರು ಒಬ್ರು ಬಂದು ಹೇಳಿದ್ರ ಸಾಕಂತ್ರಿ. ನೀವು ನೋಡೀರಂತ ಶೇವಂತಾ ಹೇಳ್ತಾಳ. ಒಂದ್ ಮಾತ್ ಹೇಳ್ರಿ, ನಿಮ್ಮ ಕಾಲ್ ಬೀಳ್ತೇನಿ."

ಒಂದು ಮಾತು. ಅದನ್ನು ಹೇಳಿದರೆ ಹುಡುಗಿಯ ಕೈ ಉಳಿಯುತ್ತದೆ, ಹೇಳದಿದ್ದರೆ ಹೋಗುತ್ತದೆ. ಇದು ತಿಳಿಯದಷ್ಟು ದಡ್ಡಿಯಲ್ಲ ಮುಕ್ತಾಬಾಯಿ. ಆದರೆ ಆ ಹವಾಲ್ದಾರನ ಮುಂದೆ ಬೆಂಚಿನ ಮೇಲೆ ಕೂತು, ಅವನು ಕೇಳಿದ್ದಕ್ಕೆ ಹೌದು ಸಾಹೇಬ, ಇಲ್ಲ ಸಾಹೇಬ ಅನ್ನುವುದು ಆಕೆಯಿಂದ ಆಗುವ ಕೆಲಸವಲ್ಲ.

"ಆ ಹೆಬ್ಬೆಟ್ಟಿನ ಮುಂದ ನಾ ಏನ್ ಹೇಳ್ಲಿ? ಐತವಾರ ಕಲಬುರ್ಗಿಗೆ ಬಾ, ಹಣಮಮ್ಮ. ಅಲ್ಲಿ ದೊಡ್ಡ ಸಭಾ ಅದ. ಗೌಡ ಇರ್ತಾನ, ಪೊಲೀಸ್ ಸಾಹೇಬ ಇರ್ತಾನ. ಎಲ್ಲಾರ ಮುಂದ ಹೇಳ್ತೇನಿ, ನೋಡು."

ಆ ಸಭೆಯ ಕಥೆ ಹೀಗೆ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಒಂದು ಶಾಲೆಯಲ್ಲಿ ಇಬ್ಬರು ಹುಡುಗರು ಬಂದೂಕು ಹಿಡಿದು ಜೊತೆಯ ಮಕ್ಕಳನ್ನು ಕೊಂದಿದ್ದರು. ಪೇಪರಿನಲ್ಲಿ ಅದನ್ನು ಓದಿದ ದಿನದಿಂದ ಕಲಬುರಗಿಯ ವಿದ್ಯಾವಂತರಿಗೆ ನಿದ್ದೆ ಇಲ್ಲ. ಅಮೆರಿಕದ ಮಕ್ಕಳನ್ನು ಉಳಿಸುವುದು ಹೇಗೆ ಎಂದು ಚಹಾದಂಗಡಿಯಲ್ಲಿ, ವಕೀಲರ ಕೋಣೆಯಲ್ಲಿ, ಕೋಟೆಯ ಸುತ್ತ ಬೆಳಗಿನ ವಾಕಿಂಗಿನಲ್ಲಿ ಚರ್ಚೆಯೋ ಚರ್ಚೆ. ಕೊನೆಗೆ ಸೂಪರ್ ಮಾರ್ಕೆಟ್ಟಿನ ಹತ್ತಿರದ ಒಂದು ಸಭಾಂಗಣದಲ್ಲಿ ವಿಚಾರ ಸಂಕಿರಣ ಇಟ್ಟರು. "ಶಾಲೆಗಳಲ್ಲಿ ಬಂದೂಕು: ಅಮೆರಿಕ ಕಲಿಸಿದ ಪಾಠ" ಎಂದು ಬಟ್ಟೆಯ ಮೇಲೆ ಬರೆಸಿ ಕಟ್ಟಿದರು. ಅಧ್ಯಕ್ಷತೆ, ಶಿಕ್ಷಣಪ್ರೇಮಿ ಶ್ರೀ ರೇವಣಗೌಡರು. ವಂದನಾರ್ಪಣೆ, ಶ್ರೀಮತಿ ಮುಕ್ತಾಬಾಯಿ. ವಂದನಾರ್ಪಣೆಯನ್ನು ಯಾರಿಗಾದರೂ ಕೊಡಬೇಕಲ್ಲ ಎಂದು ಕೊಟ್ಟದ್ದು.

ಒಬ್ಬ ನಿವೃತ್ತ ಪ್ರಿನ್ಸಿಪಾಲರು ಎದ್ದು, ಅಮೆರಿಕದಲ್ಲಿ ಅವಿಭಕ್ತ ಕುಟುಂಬ ಇಲ್ಲದ್ದೇ ಕಾರಣ ಎಂದರು. ಅವರ ಇಬ್ಬರು ತಮ್ಮಂದಿರು ಅವರ ಮೇಲೆ ಹೂಡಿದ್ದ ಆಸ್ತಿಯ ದಾವೆ ಆಗ ನಡೆದೇ ಇತ್ತು. ಒಬ್ಬ ವಕೀಲರು ಗೋಡೆ ಎತ್ತರ ಮಾಡಿ, ಮೇಲೆ ಗಾಜಿನ ಚೂರು ಹಾಕಬೇಕೆಂದರು. ಪೊಲೀಸ್ ಅಧಿಕಾರಿ ಎದ್ದು, ನಮ್ಮ ಜಿಲ್ಲೆಯಲ್ಲಿ ಇಂಥದ್ದು ನಡೆದರೆ ಐದೇ ನಿಮಿಷದಲ್ಲಿ ಪೊಲೀಸರು ಅಲ್ಲಿರುತ್ತಾರೆ ಎಂದು ಮೇಜು ಕುಟ್ಟಿದರು. ಕೊನೆಗೆ ರೇವಣಗೌಡ ಎದ್ದ. "ನಮ್ಮ ಸಾಲಿ ಮಕ್ಕಳಿಗಿ ಯಾವನೂ ಕೈ ಹಚ್ಚಲಾರದಂಗ ನಾ ನೋಡ್ಕೋತೇನಿ. ನಮ್ಮ ಮನೀ ಬಂದೂಕು, ನಮ್ಮ ಮನೀ ಮನಷ್ಯಾ. ನಾಳಿಂದ ಗೇಟಿನ್ಯಾಗ ಕಾವಲು ನಿಲ್ಲಸ್ತೇನಿ," ಎಂದ. ಸಭೆ ಚಪ್ಪಾಳೆಯಿಂದ ಅದುರಿತು. ಹಿಂದಿನ ಬಾಗಿಲ ಹತ್ತಿರ, ಜಮಖಾನದ ಅಂಚಿನಲ್ಲಿ ಹಣಮಮ್ಮ ಕೂತಿದ್ದಳು. ಮಗಳ ಬಾತ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಮುಕ್ತಾಬಾಯಿ ಮೈಕಿನ ಮುಂದೆ ಬಂದಳು. ಆಕೆ ಈ ಗಳಿಗೆಗಾಗಿ ನಾಲ್ಕು ದಿನ ಮಾತುಗಳನ್ನು ಸಾಣೆ ಹಿಡಿದಿದ್ದಳು. ತುಟಿಯ ಮೇಲೆ ತೆಳ್ಳನೆಯ ನಗು.

"ಸಭಾಧ್ಯಕ್ಷರಾದ ಮಾನ್ಯ ರೇವಣಗೌಡರಿಗೆ ಮೊದಲ ವಂದನೆಗಳು. ಬಂದೂಕಿನಿಂದ ಮಕ್ಕಳನ್ನು ಕಾಯುವ ಮಾತು ಅವರ ಬಾಯಿಂದಲೇ ಬಂದದ್ದು ನಮ್ಮ ಪುಣ್ಯ. ನಮ್ಮ ಶಾಲೆಯ ಒಂದು ಮಗುವಿನ ಭುಜದಲ್ಲಿ ಅವರು ದಾನ ಮಾಡಿದ ಸೀಸ ಇನ್ನೂ ಭದ್ರವಾಗಿದೆ."

ಗೌಡರ ಹೆಸರು ಬಂತಲ್ಲ, ಜನ ಚಪ್ಪಾಳೆ ತಟ್ಟಿದರು.

"ಪೊಲೀಸ್ ಇಲಾಖೆಗೆ ವಂದನೆಗಳು. ಕೂಗಳತೆಯ ದೂರದಿಂದ ಅವರು ಊಟ ಮುಗಿಸಿ ಬಂದರೂ, ಬಂದೂಕಿನಲ್ಲಿ ಪಟಾಕಿಯನ್ನು ಕಂಡುಹಿಡಿದರು. ವೈದ್ಯರಿಗೆ ವಂದನೆಗಳು, ಸೀಸಕ್ಕೆ ಮುಲಾಮು ಹಚ್ಚಿದ್ದಕ್ಕೆ."

ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಅರ್ಧ ಸಭೆ ಎದ್ದು ನಿಂತಿತ್ತು. ಹಿಂದೆ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಿದ್ದರು, ವಾಸನೆ ವೇದಿಕೆಗೂ ಬರುತ್ತಿತ್ತು. ಕುರ್ಚಿಗಳು ಕಿರುಗುಟ್ಟಿದವು. ಪೊಲೀಸ್ ಅಧಿಕಾರಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದರು. ವಂದನಾರ್ಪಣೆಯನ್ನು ಕೇಳಿಸಿಕೊಂಡವನು ಈ ನಾಡಿನಲ್ಲಿ ಇನ್ನೂ ಹುಟ್ಟಬೇಕು. ಅಂದು ಕೇಳಿಸಿಕೊಂಡವನು ಗೌಡ ಒಬ್ಬನೇ. ಒಂದು ಕ್ಷಣ ಅವನ ಮುಖ ಕಪ್ಪಾಯಿತು. ಸಭೆಯ ಕಡೆ ನೋಡಿದ, ಬೇರೆ ಯಾರ ಕಿವಿಗೂ ಬಿದ್ದಿಲ್ಲ ಎಂದು ತಿಳಿದುಕೊಂಡ, ಎಲ್ಲರಿಗಿಂತ ಜೋರಾಗಿ ತಾನೇ ಚಪ್ಪಾಳೆ ಹೊಡೆದ. ಆಕೆ ವೇದಿಕೆ ಇಳಿಯುವಾಗ ಕೈ ಮುಗಿದು, "ಭಾಳ ಚಲೋ ಮಾತಾಡಿದ್ರಿ, ಬಾಯಾರ," ಎಂದ.

ಮುಕ್ತಾಬಾಯಿ ಗೆದ್ದವಳ ಹಾಗೆ ಹಣಮಮ್ಮನ ಹತ್ತಿರ ಬಂದಳು. "ಕೇಳಿದೇನು? ಹ್ಯಾಂಗ ಹೇಳಿದೆ?"

ಹಣಮಮ್ಮ ಆಕೆಯ ಮುಖವನ್ನೇ ನೋಡಿದಳು. "ಅವರೆಲ್ಲಾ ಚಪ್ಪಾಳಿ ಹೊಡದ್ರರೀ ಬಾಯಾರ. ನೀವು ನಕ್ಕೋತ ಹೇಳಿದ್ರಿ. ನನ್ನ ಮಗಳ ಕೈ ಏನಾತ್ರಿ?"

ಇಷ್ಟು ವರ್ಷ ಮಂದಿಯನ್ನು ಕಣ್ಣಿನಲ್ಲೇ ಸುಟ್ಟವಳು ಆ ಕೂಲಿಯವಳ ಕಣ್ಣೆದುರು ನಿಲ್ಲಲಾರದೆ ಹೋದಳು. ನಾಲ್ಕು ದಿನ ಸಾಣೆ ಹಿಡಿದದ್ದು ಹುಡುಗಿಗಾಗಿ ಅಲ್ಲ, ತನ್ನ ನಾಲಿಗೆಯ ಚಪಲಕ್ಕಾಗಿ. ಆ ನಾಲ್ಕು ದಿನವೂ ಸೀಸ ಅಲ್ಲೇ ಇತ್ತು. ಆಕೆ ತಿರುಗಿ ಓಡಿದಳು. ಹೌದು, ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು, ಉಪ್ಪಿಟ್ಟಿನ ಸಾಲನ್ನು ಸೀಳಿಕೊಂಡು ಓಡಿದಳು. ಜೀಪು ಹತ್ತುತ್ತಿದ್ದ ಅಧಿಕಾರಿಯ ಮುಂದೆ ಬಾಗಿಲಿಗೆ ಅಡ್ಡ ನಿಂತಳು.

"ಸಾಹೇಬ್ರ, ರೇವಣಗೌಡ ಬಂದೂಕು ಹಾರಿಸಿದ. ಆ ಹುಡುಗಿಗಿ ಬಡೀತು. ನಾ ವರಾಂಡಾದಾಗ ನಿಂತು ಕಣ್ಣಾರೆ ನೋಡೀನಿ. ಬರಕೊಳ್ರಿ."

ಉಪ್ಪಿಟ್ಟಿನ ಪ್ಲೇಟುಗಳು ಗಾಳಿಯಲ್ಲೇ ನಿಂತವು. ಈಗ ಎಲ್ಲರಿಗೂ ಕೇಳಿಸಿತ್ತು.

"ಇಷ್ಟ ದಿನ ಯಾಕ ಹೇಳಲಿಲ್ರೀ?" ಎಂದರು ಅಧಿಕಾರಿ.

"ಆಮ್ಯಾಗ ಬೈರಿ, ಸಾಹೇಬ್ರ. ಮೊದಲ ದವಾಖಾನಿಗಿ ಕಾಗದ ಕೊಡ್ರಿ."

ಅಷ್ಟು ಜನ ನೋಡುತ್ತಿದ್ದಾಗ ಕೊಡದೆ ಗತ್ಯಂತರವಿರಲಿಲ್ಲ. ಸಂಜೆಯೊಳಗೆ ಕಾಗದ ಬಂತು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸಬಹುದು, ಅದರಲ್ಲಿ ಸ್ವಾರಸ್ಯವಿಲ್ಲ. ಗೌಡನ ಮೇಲೆ ಕೇಸಾಯಿತು. ಮೆರವಣಿಗೆಯಲ್ಲಿದ್ದ ಊರಿಗೆ ಊರೇ ಕೋರ್ಟಿನಲ್ಲಿ ಪಟಾಕಿ ಎಂದಿತು. ಬಂದೂಕು ಎಂದವರು ಮುಕ್ತಾಬಾಯಿ, ಶೇವಂತಾ ಇಬ್ಬರೇ. ಗೌಡ ಹಾರ ಹಾಕಿಸಿಕೊಂಡು ಹೊರಗೆ ಬಂದ, ಬಂದೂಕನ್ನೂ ಬಿಡಿಸಿಕೊಂಡ. ಶಾಲೆ ಮುಕ್ತಾಬಾಯಿಯನ್ನು ಮನೆಗೆ ಕಳಿಸಿತು. ಆಕೆ ಗಾಜಿಪುರದ ಪಡಸಾಲೆಯಲ್ಲಿ ಟ್ಯೂಷನ್ ಹೇಳಿಕೊಂಡು, ಜಗತ್ತನ್ನು ಮೊದಲಿನಂತೆಯೇ ಬೈದುಕೊಂಡು ಇದ್ದಳು. ಸಾಕ್ಷಿ ಹೇಳಲು ಮಾತ್ರ ಕೋರ್ಟು ಕರೆದಾಗಲೆಲ್ಲ ಹೋದಳು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟಳು.

ಆದರೆ ಸಭೆಯ ಮರುದಿನದ ಮಾತು ಬೇರೆ. ದವಾಖಾನೆಯ ಜಗಲಿಯಲ್ಲಿ ಮುಕ್ತಾಬಾಯಿ, ಹಣಮಮ್ಮ ಇಬ್ಬರೂ ಬೆಳಿಗ್ಗೆಯಿಂದ ಕೂತಿದ್ದರು. ಮಧ್ಯಾಹ್ನ ಡಾಕ್ಟರ್ ಜಾಹೇದಾ ಹೊರಗೆ ಬಂದಳು. ಆಪರೇಷನ್ನಿನಲ್ಲಿ ದೊಡ್ಡ ಡಾಕ್ಟರಿಗೆ ಸಹಾಯಕ್ಕೆ ನಿಂತಿದ್ದ ಚಿಕ್ಕ ವಯಸ್ಸಿನವಳು, ಹೈದರಾಬಾದಿನಿಂದ ಬಂದವಳು, ಕನ್ನಡ ಬಾರದು. ಮುಕ್ತಾಬಾಯಿಗೆ ಉರ್ದುವಿನಲ್ಲಿ ಮೆಲ್ಲಗೆ ಎಲ್ಲ ಹೇಳಿದಳು. ಛರ್ರಾ ಎಲ್ಲ ತೆಗೆದಾಗಿದೆ, ಕೈ ಉಳಿಯಿತು. ಆದರೆ ನಂಜು ನರಕ್ಕೆ ಏರಿದೆ, ಎರಡು ಬೆರಳು ಇನ್ನು ಮಡಚಲು ಬರುವುದಿಲ್ಲ. ಮೊದಲ ದಿನಗಳಲ್ಲೇ ಬಂದಿದ್ದರೆ ಅವೂ ಉಳಿಯುತ್ತಿದ್ದವು. ಇಷ್ಟು ಹೇಳಿ ಅವಳು ಒಳಗೆ ಹೋದಳು.

"ಏನಂದ್ರರೀ ಡಾಕ್ಟರ್ ಬಾಯಿ?" ಎಂದು ಹಣಮಮ್ಮ ಕೇಳಿದಳು.

ಮುಕ್ತಾಬಾಯಿಯ ನಾಲಿಗೆಯ ತುದಿಯಲ್ಲಿ ಹೆಸರುಗಳು ಸಾಲುಗಟ್ಟಿ ನಿಂತಿದ್ದವು. ಗೌಡ, ಹವಾಲ್ದಾರ, ಮುಲಾಮಿನ ಡಾಕ್ಟರು, ಕಾಗದ ಕೇಳಿದ ಡಾಕ್ಟರು. ಯಾವುದನ್ನು ಹೇಳಿದ್ದರೂ ಸುಳ್ಳಾಗುತ್ತಿರಲಿಲ್ಲ.

"ಕೈ ಉಳದದ, ಹಣಮಮ್ಮ. ಎರಡ್ ಬೆರಳು ಹೋದ್ವು," ಎಂದಳು. "ಅವತ್ತ ಹವಾಲ್ದಾರ ಕೇಳಿದಾಗ ನಾ ಹೇಳಿದ್ರ ಅವೂ ಉಳೀತಿದ್ವಂತ."