ಟೈಪಿಂಗ್ ಅಕ್ಕೋರ ಕಪ್ಪು ಪರದೆ

ನಮ್ಮ ಟೈಪಿಂಗ್ ಅಕ್ಕೋರ ಎರಡೂ ಕಿರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಮೂವತ್ತು ವರ್ಷ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ಕುಟ್ಟಿ ಕುಟ್ಟಿ ಹಾಗಾದದ್ದು. ಹೊನ್ನಾವರದ ಒಂದು ಮಾಳಿಗೆಯ ಮೇಲಿತ್ತು ಅವರ ಕ್ಲಾಸು; ನಾನು ಹಳದೀಪುರದಿಂದ ಬಸ್ಸಿಗೆ ಹೋಗುತ್ತಿದ್ದೆ. ಟೈಪ್‌ರೈಟರಿಗೆ ಜನ ಬಾರದಾದಾಗ, ಯಾವುದೋ ಆಫೀಸು ಗುಜರಿಗೆ ಹಾಕಿದ್ದ ಐದು ಕಂಪ್ಯೂಟರ್ ತಂದು, ತಾವೇ ಪುಸ್ತಕ ನೋಡಿ ಕಲಿತು, ಅವಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವರು ಅವರು. ಪುಕ್ಕಟೆ ಸಿಗುತ್ತದೆ, ಯಾರ ಹಂಗೂ ಇಲ್ಲ ಎಂಬುದೇ ಅವರಿಗೆ ದೊಡ್ಡ ಖುಷಿ. ಐವತ್ತೈದು ದಾಟಿದ ಹೆಂಗಸು ಮಾಡಿದ ಕೆಲಸ ಅದು!

ಮೌಸುಗಳನ್ನೆಲ್ಲ ಕಿತ್ತು ಬಿಸ್ಕಿಟ್ ಡಬ್ಬಿಗೆ ಹಾಕಿಟ್ಟಿದ್ದರು. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಯಂತ್ರ ಏನು ಮಾಡಬೇಕೋ ಅದನ್ನು ಟೈಪ್ ಮಾಡಿಯೇ ಹೇಳಬೇಕು. ಎಂಟರ್ ಒತ್ತುವ ಮೊದಲು ಬರೆದ ಸಾಲನ್ನು ಗಟ್ಟಿಯಾಗಿ ಓದಬೇಕು; ಓದದಿದ್ದರೆ ಮೇಜಿಗೆ ಸ್ಕೇಲಿನ ಒಂದು ಏಟು.

ಒಂದು ದಿನ ಅವಸರದಲ್ಲಿ ಓದದೆಯೇ ಅಳಿಸುವ ಆಜ್ಞೆ ಕೊಟ್ಟೆ. ನಾನಿದ್ದದ್ದು ಬೇರೆಯೇ ಫೋಲ್ಡರಿನಲ್ಲಿ. ಒಂದು ತಿಂಗಳ ಪಾಠ ಪೂರ್ತಿ ಮಾಯ. ಹೌದೋ ಅಲ್ಲವೋ ಎಂದು ಒಂದು ಮಾತು ಕೇಳಲೂ ಇಲ್ಲ ಆ ಯಂತ್ರ! ನನಗೆ ಅಳುವೇ ಬಂತು.

"ಅದ್ರ ಮೇಲೆ ಎಂತಕ್ಕೆ ಸಿಟ್ಟು? ನೀ ಹೇಳಿದ್ದೇ ಮಾಡ್ತು ಅದು," ಎಂದರು ಅಕ್ಕೋರು. "ಎಲ್ಲಿ ನಿಂತಿದ್ದೆ ಅಂತ ಮೊದ್ಲು ನೋಡ್ಕ, ಆಮೇಲೆ ಕೈ ಹಾಕು. ಆತು, ಕಣ್ಣೊರೆಸ್ಕ. ಮೊದ್ಲಿಂದ ಮಾಡ್ವ."

ತಮ್ಮ ಊಟದ ಡಬ್ಬಿಯನ್ನೂ ತೆರೆಯದೆ ಸಂಜೆಯ ಬಸ್ಸಿನ ತನಕ ನನ್ನ ಪಕ್ಕದಲ್ಲೇ ಕೂತಿದ್ದರು.

ಇಂಥವರ ಕ್ಲಾಸಿಗೆ ಕಲ್ಲು ಬಿದ್ದದ್ದು ಹೇಗೆ ಗೊತ್ತೇ? ಮಗಳನ್ನು ಕರೆದೊಯ್ಯಲು ಬಂದ ಒಬ್ಬ ತಂದೆ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಟೀವಿಯಲ್ಲಿ ಕಳ್ಳರು ಬ್ಯಾಂಕು ದೋಚುವಾಗ ಬರುವಂಥದೇ ಪರದೆ. ಸಾಲದ್ದಕ್ಕೆ ಹುಡುಗಿಯರು ಏನೋ ಮಂತ್ರ ಹೇಳಿ ಹೇಳಿ ಗುಂಡಿ ಒತ್ತುತ್ತಿದ್ದಾರೆ! ಎಂಟು ದಿನದಲ್ಲಿ ಕುಮಟೆಯ ತನಕ ಸುದ್ದಿ: ಅಕ್ಕೋರು ಹ್ಯಾಕಿಂಗ್ ಕಲಿಸುತ್ತಾರಂತೆ. ಹ್ಯಾಕಿಂಗ್ ಅಂದರೇನೆಂದು ಒಬ್ಬನಿಗಾದರೂ ಗೊತ್ತಿತ್ತೇ? ಎಲುಬಿಲ್ಲದ ನಾಲಿಗೆ, ಹೇಗೂ ಹೊರಳುತ್ತದೆ.

ಭಾನುವಾರ ಕ್ಲಾಸು ನಡೆಯುತ್ತಿದ್ದಾಗಲೇ ಏಳೆಂಟು ತಂದೆಯರು ಮಾಳಿಗೆ ಹತ್ತಿ ಬಂದರು. ಅವರಲ್ಲಿ ನನ್ನ ಅಪ್ಪನೂ ಇದ್ದರು, ಕಟ್ಟಡದ ಮಾಲೀಕನೂ ಇದ್ದ.

"ನಮ್ಮ ಹುಡ್ಗೀರಿಗೆ ಇದೆಲ್ಲ ಬೇಡ ಅಕ್ಕೋರೆ. ನಾಳೆ ಪೊಲೀಸ್ರು ಬಂದ್ರೆ ಎಂತ ಮಾಡುದು?" ಎಂದರು ಅಪ್ಪ.

"ಸುದ್ದಿ ಹೌದಾದ್ರೆ ಮಾಳಿಗೆ ಖಾಲಿ ಮಾಡಿ," ಎಂದ ಮಾಲೀಕ.

ಅಕ್ಕೋರು ದನಿ ಏರಿಸಲಿಲ್ಲ. ನನ್ನತ್ತ ಕೈ ತೋರಿಸಿದರು. "ನಾ ಹೇಳುದು ಬೇಡ. ಎಲ್ಲಾರಿಗಿಂತ ಜಾಸ್ತಿ ಕಲ್ತವ್ಳು ಇವ್ಳು. ನಾ ಎಂತ ಕಲಿಸ್ತೆ ಅಂತ ಇವ್ಳನ್ನೇ ಕೇಳಿ."

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು.

"ನಂಗೆ ಗೊತ್ತಿಲ್ಲ," ಎಂದೆ.

ಗೊತ್ತಿಲ್ಲವಂತೆ! ಕಳೆದ ಫೈಲು ಹುಡುಕುವುದು, ನೂರು ಪತ್ರಗಳನ್ನು ಒಂದೇ ಸಾಲಿನ ಆಜ್ಞೆಯಲ್ಲಿ ಜೋಡಿಸುವುದು, ಸತ್ತಂತೆ ಬಿದ್ದ ಯಂತ್ರವನ್ನು ಎಬ್ಬಿಸುವುದು, ಎಲ್ಲ ಬರುತ್ತಿತ್ತು ನನಗೆ. ಊರವರ ಮೇಲೆ ನನಗಿರುವ ಸಿಟ್ಟು ಒಂದು ಪಾಲಾದರೆ ನನ್ನ ಮೇಲೆಯೇ ಇರುವುದು ಹತ್ತು ಪಾಲು. ಅಕ್ಕೋರು ಒಂದು ಗಳಿಗೆ ನನ್ನನ್ನೇ ನೋಡಿ, "ಆತು," ಎಂದರು. ಆ ತಿಂಗಳೇ ಕ್ಲಾಸು ಮುಚ್ಚಿತು.

ಈಗ ನಾನು ಕುಮಟೆಯ ಕಾಲೇಜೊಂದರ ಲ್ಯಾಬಿನಲ್ಲಿದ್ದೇನೆ. ದಿನವಿಡೀ ಅದೇ ಕಪ್ಪು ಪರದೆ, ನನಗೆ ಅನ್ನ ಕೊಡುವುದೂ ಅದೇ. "ನಮ್ಮ ಹುಡ್ಗಿ ಎಲ್ಲಾ ಟೈಪ್ ಮಾಡೇ ಮಾಡ್ತದೆ, ಗೊತ್ತದ್ಯ?" ಎಂದು ಅಪ್ಪ ಸಿಕ್ಕವರೆದುರು ಜಂಬ ಕೊಚ್ಚುತ್ತಾರೆ. ಯಾರು ಕಲಿಸಿದ್ದೆಂದು ಮಾತ್ರ ಅಪ್ಪಿತಪ್ಪಿಯೂ ಹೇಳುವುದಿಲ್ಲ. ಆ ಜಂಬ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕೋರ ಮನೆಗೆ ಮೂರು ಸಲ ಹೋಗಿದ್ದೆ, ತಪ್ಪಾಯಿತೆನ್ನಲು. ಮೂರು ಸಲವೂ ಹೊಸದಾಗಿ ಏನು ಕಲಿತೆ ಎಂದು ಅವರೇ ಕೇಳಿದರು. ಹೇಳುತ್ತಾ ಕೂತೆ, ಅಸಲು ಮಾತು ಬಾಯಿಗೆ ಬರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹದಿಮೂರನೇ ದಿನದ ಊಟಕ್ಕೆ ಅಪ್ಪನ ಜೊತೆ ಹೋಗಿದ್ದೆ; ಕಟ್ಟಡದ ಆ ಮಾಲೀಕನೂ ಬಂದಿದ್ದ. ಪಾಯಸ ಸುರ್ರೆಂದು ಹೀರುತ್ತ, "ಪಾಪ, ಒಳ್ಳೆಯವ್ರೇ. ಕಡೆಗೆ ಎಂತದೋ ಕಳ್ಳ ವಿದ್ಯೆ ಕಲಿಸುಕೆ ಹೋಗಿ ಹೆಸ್ರು ಹಾಳು ಮಾಡ್ಕಂಡ್ರು," ಎಂದ.

ನಾನು ಅರ್ಧ ಊಟದಲ್ಲೇ ಎಲೆಯಿಂದ ಎದ್ದುಬಿಟ್ಟೆ.

"ಅವ್ರು ಎಂತ ಕಲ್ಸಿದ್ರು ಅಂತ ನಂಗೆ ಗೊತ್ತದೆ!" ಎಂದು ಕೂಗಿದೆ. "ಕೇಳಿ, ಹೇಳ್ತೆ!"

ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ಅಪ್ಪ ತಲೆ ತಗ್ಗಿಸಿದರು. ಕೇಳಬೇಕಾದವರೊಬ್ಬರು ಮಾತ್ರ ಅಲ್ಲಿರಲಿಲ್ಲ.